‘ನಾಳೆಯಿಂದ ಬರಬೇಡ’ ಎಂದ ಮೇಲೆ

ರಾತ್ರಿ ಹನ್ನೊಂದೂವರೆ. ಕೊನೆಯ ಗಿರಾಕಿ ಎದ್ದು ಹೋಗಿದ್ದಾನೆ, ಕುರ್ಚಿಗಳು ಮೇಜುಗಳ ಮೇಲೆ ತಲೆಕೆಳಗಾಗಿ ಕುಳಿತಿವೆ. ಗಲ್ಲಾಪೆಟ್ಟಿಗೆಯ ಹಣ ಎಣಿಸಿದರೆ ಬಿಲ್ಲುಗಳ ಮೊತ್ತಕ್ಕೆ ತಾಳೆಯಾಗುತ್ತಿಲ್ಲ. ಮಾಲೀಕರು ಎರಡು ಸಲ ಎಣಿಸುತ್ತಾರೆ. ಮೂರನೆಯ ಸಲಕ್ಕೆ ತಾಳ್ಮೆ ಉಳಿದಿಲ್ಲ. ಕೌಂಟರಿನ ಹತ್ತಿರ ನಿಂತಿದ್ದ ಸಪ್ಲೈಯರ್ ಕಡೆ ತಿರುಗಿ, ‘ನಿನ್ನ ಲೆಕ್ಕ ಆಮೇಲೆ ನೋಡೋಣ. ನಾಳೆಯಿಂದ ಬರಬೇಡ’ ಎನ್ನುತ್ತಾರೆ. ಅವನು ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ ಹೊರಡುತ್ತಾನೆ. ಮರುದಿನ ಬೆಳಿಗ್ಗೆ ಸಿಬ್ಬಂದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವನ ಹೆಸರಿಲ್ಲ.

ದೃಶ್ಯ ನಾನು ಕಲ್ಪಿಸಿದ್ದು. ಆದರೆ ರೆಸ್ಟೋರೆಂಟಿನಲ್ಲಿ ಒಂದು ವರ್ಷ ದುಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಂದ ಮುಂದೆ ನಡೆಯುವುದು ಮಾತ್ರ ಬಹಳ ಜನ ಊಹಿಸಿದಂತೆ ಇರುವುದಿಲ್ಲ. ಕೆಲಸ ಕಳೆದುಕೊಂಡವನು ‘ನಾನು ಕದ್ದಿಲ್ಲ’ ಎಂದು ಸಾಬೀತುಪಡಿಸಲು ಸಜ್ಜಾಗಿ ಸಂಧಾನಕ್ಕೋ ನ್ಯಾಯಾಲಯಕ್ಕೋ ಹೋಗುತ್ತಾನೆ. ಅಲ್ಲಿ ಮಾಲೀಕರ ಕಡೆಯವರು ಕಳ್ಳತನದ ಮಾತನ್ನೇ ಎತ್ತುವುದಿಲ್ಲ. ‘ನಾವು ಅವನನ್ನು ತೆಗೆದೇ ಇಲ್ಲ, ಅವನೇ ಹೇಳದೆ ಕೇಳದೆ ಬಿಟ್ಟು ಹೋದ’ ಎನ್ನುತ್ತಾರೆ. ಕದ್ದನೋ ಇಲ್ಲವೋ ಎಂಬ ಪ್ರಶ್ನೆ ಎಷ್ಟೋ ಹಿಂದೆ ಉಳಿದುಬಿಡುತ್ತದೆ. ಮೊದಲು ಬಿಚ್ಚಬೇಕಾದ ಗಂಟು ಬೇರೆಯೇ: ವಜಾ ಎಂಬುದು ನಡೆಯಿತೇ?

ಅನ್ಯಾಯದ ವಜಾ ಎಂಬ ವಿವಾದದ ತಕ್ಕಡಿ ಓಲುವುದು ಇಲ್ಲೇ. ಬಹುತೇಕ ದೇಶಗಳ ಕಾನೂನಿನಲ್ಲಿ, ‘ನನ್ನನ್ನು ತೆಗೆದರು’ ಎಂದು ತೋರಿಸುವ ಹೊಣೆ ಕೆಲಸಗಾರನದು. ತೆಗೆದದ್ದು ನಿಜವೆಂದು ಸ್ಥಾಪಿತವಾದ ಮೇಲೆ, ತೆಗೆದದ್ದಕ್ಕೆ ತಕ್ಕ ಕಾರಣವಿತ್ತು ಎಂದು ತೋರಿಸುವ ಹೊಣೆ ಮಾಲೀಕರದು. ಮೊದಲನೆಯ ಮೆಟ್ಟಿಲಲ್ಲೇ ಕೆಲಸಗಾರ ಮುಗ್ಗರಿಸಿದರೆ ಎರಡನೆಯದನ್ನು ಮಾಲೀಕರು ಹತ್ತಬೇಕಾಗಿಯೇ ಇಲ್ಲ. ಕಚೇರಿ ಕೆಲಸದಲ್ಲಿ ಈ ತೊಡಕು ಕಡಿಮೆ, ಅಲ್ಲಿ ಪತ್ರವೋ ಇಮೇಲೋ ಇರುತ್ತದೆ. ರೆಸ್ಟೋರೆಂಟಿನಲ್ಲಿ ನೇಮಕವೂ ಬಾಯಿಮಾತಿನದು, ವಜಾ ಕೂಡ ಬಾಯಿಮಾತಿನದು. ಎರಡನೆಯದು ಸಾಮಾನ್ಯವಾಗಿ ಕಾದ ಒಲೆಯ ಮುಂದೆ, ಬಿಸಿಯಲ್ಲಿ ಆಡಿದ ಮಾತು.

ಬಿಸಿಯಲ್ಲಿ ಆಡಿದ ಮಾತಿಗೆ ಎಷ್ಟು ಬೆಲೆ? ಇಂಗ್ಲೆಂಡಿನ ಹಲ್ ಬಂದರಿನಲ್ಲಿ ಮೀನು ಸೀಳುವ ಕೆಲಸ ಮಾಡುತ್ತಿದ್ದವನೊಬ್ಬನ ಪ್ರಕರಣ 1974ರಲ್ಲಿ ತೀರ್ಮಾನವಾಯಿತು. ಮೇಸ್ತ್ರಿ ಅವನಿಗೆ, ಅಚ್ಚು ಹಾಕಲಾಗದ ಪದವೊಂದನ್ನು ಸೇರಿಸಿ, ‘ಕೆಲಸ ಹಿಡಿಸದಿದ್ದರೆ ತೊಲಗು’ ಎಂಬರ್ಥದ ಮಾತಾಡಿದ. ಇವನು ಹೊರಟೇ ಹೋದ, ತನ್ನನ್ನು ವಜಾ ಮಾಡಿದರೆಂದು ದೂರಿದ. ನ್ಯಾಯಮಂಡಳಿ ಒಪ್ಪಲಿಲ್ಲ. ಆ ಮೀನುಕಟ್ಟೆಯಲ್ಲಿ ಅಂಥ ಭಾಷೆ ದಿನಬಳಕೆಯದು, ಮೇಸ್ತ್ರಿ ಹೇಳಿದ್ದರ ಅರ್ಥ ‘ಗೊಣಗಬೇಡ, ಕೆಲಸ ನೋಡು’ ಎಂದಷ್ಟೇ, ಇದು ವಜಾ ಅಲ್ಲ ಎಂದಿತು. ಅಡುಗೆಮನೆಯ ಬೈಗುಳಕ್ಕೂ ಇದೇ ಅಳತೆಗೋಲು. ಮಾತು ಯಾರು ಆಡಿದರು, ಎಲ್ಲಿ, ಎಂಥ ಹೊತ್ತಿನಲ್ಲಿ, ಅದಾದ ಮೇಲೆ ಇಬ್ಬರೂ ಹೇಗೆ ನಡೆದುಕೊಂಡರು ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಮುಖ್ಯ ಅಡುಗೆಯವನು ‘ಹೊರಗೆ ಹೋಗು’ ಎಂದು ಕೂಗಿ, ಹತ್ತು ನಿಮಿಷದ ನಂತರ ‘ಆ ಪಾತ್ರೆ ಕೊಡು’ ಎಂದರೆ ಅದು ವಜಾ ಅಲ್ಲ. ಮಾಲೀಕರು ‘ಬರಬೇಡ’ ಎಂದು, ಮರುದಿನ ಗುಂಪಿನಿಂದ ಹೆಸರು ತೆಗೆದು, ಪಾಳಿಯ ಪಟ್ಟಿಯಲ್ಲಿ ಆ ಜಾಗಕ್ಕೆ ಇನ್ನೊಬ್ಬನನ್ನು ಹಾಕಿದರೆ ಅದಕ್ಕೆ ಬೇರೆ ಅರ್ಥ ಹುಡುಕುವುದು ಕಷ್ಟ.

ಹಾಗಾಗಿ ಆ ರಾತ್ರಿಯ ನಂತರದ ಎರಡು ದಿನಗಳು, ನನ್ನ ಮಟ್ಟಿಗೆ, ಇಡೀ ವಿವಾದದಲ್ಲಿ ಅತ್ಯಂತ ಬೆಲೆಬಾಳುವ ದಿನಗಳು. ಹೆಚ್ಚಿನವರು ಆ ಎರಡು ದಿನ ಅವಮಾನವನ್ನು ನುಂಗಿಕೊಂಡು ಮನೆಯಲ್ಲಿ ಕೂರುತ್ತಾರೆ. ಕೂರಬಾರದು. ಮರುದಿನ ಪಾಳಿಯ ಹೊತ್ತಿಗೆ ಸರಿಯಾಗಿ ಹೋಗಬೇಕು. ಒಳಗೆ ಬಿಡದಿದ್ದರೆ ಬಾಗಿಲಲ್ಲೇ ನಿಂತು ಒಂದು ಸಂದೇಶ ಕಳಿಸಬೇಕು: ‘ನಿನ್ನೆ ರಾತ್ರಿ ನಾಳೆಯಿಂದ ಬರಬೇಡ ಎಂದಿರಿ. ನಾನು ಇಂದು ಕೆಲಸಕ್ಕೆ ಬಂದಿದ್ದೇನೆ, ಒಳಗೆ ಬಿಡುತ್ತಿಲ್ಲ. ನನ್ನನ್ನು ತೆಗೆದಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಿ. ಇಲ್ಲದಿದ್ದರೆ ಕೆಲಸ ಮಾಡಲು ಸಿದ್ಧನಿದ್ದೇನೆ.’ ಬೈಗುಳ ಬೇಡ, ಶಾಪ ಬೇಡ, ‘ನಿಮ್ಮನ್ನು ನೋಡಿಕೊಳ್ಳುತ್ತೇನೆ’ ಎಂಬ ಮಾತಂತೂ ಬೇಡವೇ ಬೇಡ. ಈ ನಾಲ್ಕು ಸಾಲಿನ ಮುಂದೆ ‘ಅವನೇ ಬಿಟ್ಟು ಹೋದ’ ಎಂಬ ವಾದ ನಿಲ್ಲುವುದು ಕಷ್ಟ. ಮಾಲೀಕರಿಗೂ ಇದೇ ಮಾತು ಅನ್ವಯಿಸುತ್ತದೆ. ಕೆಲಸಗಾರ ನಿಜಕ್ಕೂ ತಾನಾಗಿಯೇ ಬರುವುದನ್ನು ನಿಲ್ಲಿಸಿದ್ದರೆ, ‘ಏಕೆ ಬಂದಿಲ್ಲ? ಇಂಥ ದಿನದೊಳಗೆ ಬಂದು ಕೆಲಸಕ್ಕೆ ಸೇರಿ’ ಎಂದು ಕೇಳಿದ ದಾಖಲೆ ಅವರ ಬಳಿ ಇರಬೇಕು. ಬಿಟ್ಟು ಹೋದವನನ್ನು ಒಮ್ಮೆಯೂ ಕರೆಯದ ಮಾಲೀಕರ ಮಾತನ್ನು ನ್ಯಾಯಾಧೀಶರು ಅನುಮಾನದಿಂದಲೇ ಕೇಳುತ್ತಾರೆ.

ಭಾರತದ ಸುಪ್ರೀಂ ಕೋರ್ಟ್ 1993ರಲ್ಲಿ ಇಂಥದ್ದೇ ಒಂದು ಪ್ರಕರಣ ತೀರ್ಮಾನಿಸಿತು. ಕಾರ್ಖಾನೆಯೊಂದರ ಸ್ಥಾಯಿ ಆದೇಶದ, ಅಂದರೆ ಅಲ್ಲಿನ ಸೇವಾ ನಿಯಮಗಳ, ಪ್ರಕಾರ ರಜೆ ಪಡೆಯದೆ ಎಂಟು ದಿನಕ್ಕಿಂತ ಹೆಚ್ಚು ಗೈರಾದವನು ತಾನಾಗಿಯೇ ಕೆಲಸ ಕಳೆದುಕೊಳ್ಳುತ್ತಿದ್ದ. ‘ಬಂದಿಲ್ಲ, ಆದ್ದರಿಂದ ಹೆಸರು ತೆಗೆದೆವು’ ಎಂದಿತು ಆಡಳಿತ. ‘ಗೇಟಿನಲ್ಲೇ ತಡೆದರು, ಒಳಗೆ ಬಿಡಲೇ ಇಲ್ಲ’ ಎಂದ ಕೆಲಸಗಾರ. ನಿಯಮದಲ್ಲಿ ಏನೇ ಬರೆದಿರಲಿ, ಒಬ್ಬನ ಜೀವನೋಪಾಯ ಕಿತ್ತುಕೊಳ್ಳುವ ಮೊದಲು ಅವನ ಮಾತು ಕೇಳಬೇಕು, ವಿಚಾರಣೆಯಿಲ್ಲದೆ ತೆಗೆದದ್ದು ಸಹಜ ನ್ಯಾಯಕ್ಕೆ ವಿರುದ್ಧ ಎಂದು ಕೋರ್ಟ್ ಹೇಳಿತು. ಕೆಲಸ ಮರಳಿ ಸಿಕ್ಕಿತು, ಹೊರಗಿದ್ದ ಅವಧಿಯ ಹಿಂಬಾಕಿ ವೇತನದಲ್ಲಿ ಅರ್ಧ ಮಾತ್ರ ಸಿಕ್ಕಿತು.

ವಜಾ ಎಂಬ ಪದವನ್ನೇ ಬಳಸದೆ ವಜಾ ಮಾಡುವ ದಾರಿಗಳೂ ಇವೆ. ವಾರಕ್ಕೆ ಆರು ಪಾಳಿ ಇದ್ದವಳಿಗೆ ಎರಡು, ಆಮೇಲೆ ಒಂದು, ಆಮೇಲೆ ‘ಬೇಕಾದಾಗ ಕರೆಯುತ್ತೇವೆ’. ಹತ್ತು ವರ್ಷ ಅಡುಗೆ ಮಾಡಿದವನನ್ನು ಒಂದು ದಿನ ಇದ್ದಕ್ಕಿದ್ದಂತೆ ಪಾತ್ರೆ ತೊಳೆಯಲು ನಿಲ್ಲಿಸುವುದು. ಸಂಬಳ ತಡೆಹಿಡಿಯುವುದು. ಬೇಸತ್ತು ಅವರೇ ರಾಜೀನಾಮೆ ಕೊಟ್ಟರೂ, ಆ ರಾಜೀನಾಮೆಯನ್ನು ಬ್ರಿಟನ್, ಆಸ್ಟ್ರೇಲಿಯ, ಐರ್ಲೆಂಡ್ ಮುಂತಾದ ದೇಶಗಳ ಕಾನೂನು ವಜಾ ಎಂದೇ ಪರಿಗಣಿಸಬಲ್ಲದು. ಆದರೆ ಮಾಲೀಕರ ನಡೆ ಒಪ್ಪಂದದ ಬೇರನ್ನೇ ಅಲುಗಿಸುವಂಥದ್ದು ಎಂದು ತೋರಿಸುವ ಭಾರ ಕೆಲಸಗಾರನ ಹೆಗಲಿಗೆ ಬೀಳುತ್ತದೆ, ಆ ಭಾರ ಹಗುರವಲ್ಲ. ಸಿಟ್ಟಿನಲ್ಲಿ ರಾಜೀನಾಮೆ ಬಿಸಾಡಿ ಬಂದು ‘ಬಲವಂತದ ರಾಜೀನಾಮೆ’ ಎಂದು ಹೋರಾಡುವವರಲ್ಲಿ ಅನೇಕರು ಇಲ್ಲೇ ಸೋಲುತ್ತಾರೆ. ಇನ್ನು ಕೆಲಸಕ್ಕೆ ಸೇರುವಾಗಲೇ ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಂಡು, ಬೇಕೆಂದಾಗ ಅದರ ಮೇಲೆ ರಾಜೀನಾಮೆ ಬರೆದುಕೊಳ್ಳುವ ಕೆಟ್ಟ ಚಾಳಿಯೂ ಉಂಟು. ಸಹಿಯ ಶಾಯಿ ಒಂದು, ಒಕ್ಕಣೆಯ ಶಾಯಿ ಇನ್ನೊಂದು ಆಗಿದ್ದು ಸಿಕ್ಕಿಬಿದ್ದರೆ ಮಾಲೀಕರ ಮಿಕ್ಕ ಮಾತುಗಳನ್ನೂ ಯಾರೂ ನಂಬುವುದಿಲ್ಲ.

ವಜಾ ಆಯಿತು ಎಂದು ಗೊತ್ತಾದ ಮೇಲೆ ಪ್ರಶ್ನೆ ಎರಡಾಗಿ ಕವಲೊಡೆಯುತ್ತದೆ: ಏಕೆ ತೆಗೆದರು, ಹೇಗೆ ತೆಗೆದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1982ರಲ್ಲಿ ಅಂಗೀಕರಿಸಿದ 158ನೆಯ ಒಡಂಬಡಿಕೆ ಇವೆರಡನ್ನೂ ಚೊಕ್ಕವಾಗಿ ಹೇಳಿದೆ. ಕೆಲಸಗಾರನ ಸಾಮರ್ಥ್ಯ, ಅವನ ನಡತೆ, ಸಂಸ್ಥೆಯನ್ನು ನಡೆಸುವ ಅಗತ್ಯ ಇವುಗಳಲ್ಲಿ ಯಾವುದಾದರೊಂದಕ್ಕೆ ಸಂಬಂಧಿಸಿದ ಸರಿಯಾದ ಕಾರಣವಿಲ್ಲದೆ ಯಾರನ್ನೂ ತೆಗೆಯಬಾರದು. ನಡತೆ ಅಥವಾ ಕೆಲಸದ ಗುಣಮಟ್ಟದ ಆರೋಪವಿದ್ದರೆ, ತೆಗೆಯುವ ಮೊದಲು ಉತ್ತರಿಸಲು ಅವಕಾಶ ಕೊಡಬೇಕು. ಭಾರತವಾಗಲಿ ಅಮೆರಿಕವಾಗಲಿ ಬ್ರಿಟನ್ನಾಗಲಿ ಇದನ್ನು ಅನುಮೋದಿಸಿಲ್ಲ. ಹಾಗಿದ್ದೂ ಈ ಎರಡು ಎಳೆಗಳು ಭಾರತ, ಬ್ರಿಟನ್ನುಗಳ ಕಾನೂನಿನಲ್ಲೂ ಬೇರೆ ಬೇರೆ ಮಾತಿನಲ್ಲಿ ಹೆಣೆದುಕೊಂಡಿವೆ.

ಎದ್ದು ಕಾಣುವ ಅಪವಾದ ಅಮೆರಿಕ. ಅಲ್ಲಿನ ಮೂಲ ನಿಯಮ, ಮಾಲೀಕರು ಯಾವಾಗ ಬೇಕಾದರೂ, ಕಾರಣವಿಲ್ಲದೆಯೂ, ಕೆಲಸದಿಂದ ತೆಗೆಯಬಹುದು ಎಂಬುದು. ಜನಾಂಗ, ಲಿಂಗ, ಧರ್ಮದಂಥ ನಿಷಿದ್ಧ ಕಾರಣಕ್ಕೆ ಮಾತ್ರ ತೆಗೆಯುವಂತಿಲ್ಲ. 1987ರಲ್ಲಿ ಮೊಂಟಾನಾ ರಾಜ್ಯ ಈ ಸಾಲಿನಿಂದ ಹೊರಬಂದು ಪ್ರತ್ಯೇಕ ಕಾಯ್ದೆ ಮಾಡಿಕೊಂಡಿತು. ನಮ್ಮ ವಿಷಯಕ್ಕೆ ಹತ್ತಿರದ್ದು ನ್ಯೂಯಾರ್ಕ್ ನಗರದ ನಿಯಮ. 2021ರ ಜುಲೈನಿಂದ ಅಲ್ಲಿ, ದೇಶದಲ್ಲಿ 30 ಅಥವಾ ಹೆಚ್ಚು ಮಳಿಗೆಗಳಿರುವ ಫಾಸ್ಟ್‌ಫುಡ್ ಸರಣಿಗಳು, 30 ದಿನಗಳ ಪರೀಕ್ಷಾ ಅವಧಿ ಮುಗಿದ ಕೆಲಸಗಾರನನ್ನು ನ್ಯಾಯವಾದ ಕಾರಣವಿಲ್ಲದೆ ತೆಗೆಯುವಂತಿಲ್ಲ. ತೆಗೆದ ಐದು ದಿನದೊಳಗೆ ಕಾರಣವನ್ನು ಬರೆದು ಕೊಡಬೇಕು. ಈ ಕಸುಬನ್ನೇ ಆರಿಸಿ ಈ ರಕ್ಷಣೆ ಕೊಟ್ಟದ್ದು ಏಕೆ ಎಂದು ಕೇಳಬಹುದು. ಬಾಯಿಮಾತಿನಲ್ಲಿ ಜನರನ್ನು ತೆಗೆಯುವ ಅಭ್ಯಾಸ ಈ ಕಸುಬಿನಲ್ಲಿ ಎಷ್ಟು ಬೇರೂರಿದೆ ಎಂಬುದರಲ್ಲೇ ಉತ್ತರವಿದೆ ಎಂದು ನನಗನ್ನಿಸುತ್ತದೆ.

ಕೆಲವು ಕಾರಣಗಳನ್ನು ಮುಟ್ಟುವಂತೆಯೇ ಇಲ್ಲ. ಗರ್ಭಿಣಿಯಾದಳು ಎಂದು, ಸಂಘ ಸೇರಿದ ಎಂದು, ಸಂಬಳ ಬಾಕಿಯ ಬಗ್ಗೆ ಅಧಿಕಾರಿಗಳಿಗೆ ದೂರು ಕೊಟ್ಟ ಎಂದು ತೆಗೆಯುವುದು ಇಂಥವು. ಆದರೆ ಯಾವ ಮಾಲೀಕರೂ ನೋಟಿಸಿನಲ್ಲಿ ಹೀಗೆಂದು ಬರೆಯುವುದಿಲ್ಲ. ಬರೆಯುವುದು ‘ಸಮಯಪಾಲನೆ ಇಲ್ಲ’ ಎಂದು. ಆಗ ದಿನಾಂಕಗಳು ಮಾತಾಡುತ್ತವೆ. ಮೂರು ವರ್ಷ ತಡವಾಗಿ ಬಂದಾಗ ತುಟಿ ಬಿಚ್ಚದವರು, ದೂರು ಕೊಟ್ಟ ವಾರದಲ್ಲೇ ಸಮಯಪಾಲನೆಯ ಭಕ್ತರಾದರೆ ಅದಕ್ಕೆ ವಿವರಣೆ ಅವರೇ ಕೊಡಬೇಕಾಗುತ್ತದೆ.

ಗಲ್ಲಾಪೆಟ್ಟಿಗೆಗೆ ಮರಳೋಣ. ಹಣ ಕಡಿಮೆ ಬಿದ್ದದ್ದು ನಿಜ. ಅದು ತೆಗೆಯಲು ಸಾಲುವ ಕಾರಣವೇ? ಇಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ಸಂಗತಿ ಇದೆ. ಇದು ಕ್ರಿಮಿನಲ್ ಮೊಕದ್ದಮೆ ಅಲ್ಲ. ಅವನು ಕದ್ದನೆಂದು ಸಂಶಯಕ್ಕೆ ಎಡೆಯಿಲ್ಲದಂತೆ ಮಾಲೀಕರು ಸಾಬೀತುಪಡಿಸಬೇಕಾಗಿಲ್ಲ. ಬ್ರಿಟನ್ನಿನ ನ್ಯಾಯಾಲಯಗಳು 1978ರಿಂದ ಬಳಸುತ್ತಿರುವ ಒರೆಗಲ್ಲಿನಲ್ಲಿ ಮೂರು ಗೆರೆಗಳಿವೆ: ತಪ್ಪು ನಡೆದಿದೆ ಎಂದು ಮಾಲೀಕರು ಪ್ರಾಮಾಣಿಕವಾಗಿ ನಂಬಿದ್ದರೇ, ಆ ನಂಬಿಕೆಗೆ ಆಧಾರವಿತ್ತೇ, ಆಧಾರ ಹುಡುಕಲು ತಕ್ಕಮಟ್ಟಿನ ತನಿಖೆ ಮಾಡಿದ್ದರೇ. ಮೂರನೆಯದರಲ್ಲೇ ಹೆಚ್ಚಿನವರು ನಪಾಸಾಗುವುದು.

ಆ ರಾತ್ರಿ ತನಿಖೆ ಎಂದರೆ ಏನಾಗಬೇಕಿತ್ತು? ಗಲ್ಲಾದ ಕೀಲಿ ಯಾರ ಯಾರ ಬಳಿ ಇತ್ತು ಎಂದು ಕೇಳಬೇಕಿತ್ತು. ಬಿಲ್ಲಿಂಗ್ ಯಂತ್ರಕ್ಕೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್ ಇತ್ತೇ, ಇಲ್ಲವೇ ಎಲ್ಲರೂ ಒಂದೇ ಪಾಸ್‌ವರ್ಡ್ ಒತ್ತುತ್ತಿದ್ದರೇ? ರದ್ದಾದ ಬಿಲ್ಲುಗಳು ಎಷ್ಟು, ರದ್ದು ಮಾಡಿದವರು ಯಾರು? ಗಿರಾಕಿ ಮೊಬೈಲಿನಿಂದ ಪಾವತಿಸಿದ್ದನ್ನು ಯಾರಾದರೂ ನಗದು ಎಂದು ನಮೂದಿಸಿದ್ದರೇ? ಎಷ್ಟೋ ಸಲ ‘ಕಳ್ಳತನ’ ಇದೇ ಒಂದು ತಪ್ಪು ಒತ್ತಿನಲ್ಲಿ ಕರಗಿಹೋಗುತ್ತದೆ. ಮಧ್ಯಾಹ್ನ ತರಕಾರಿಯವನಿಗೆ ಗಲ್ಲಾದಿಂದಲೇ ಹಣ ಕೊಟ್ಟು ಚೀಟಿ ಬರೆಯುವುದನ್ನು ಮರೆತವರು ಸ್ವತಃ ಮಾಲೀಕರೇ ಆಗಿರಬಹುದು. ಸಿಸಿಟಿವಿ ದೃಶ್ಯವಿದ್ದರೆ ಅದನ್ನು ಉಳಿಸಿಕೊಳ್ಳಬೇಕು. ಅನೇಕ ಕ್ಯಾಮೆರಾಗಳು ಕೆಲವು ದಿನಗಳಲ್ಲಿ ಹಳೆಯದರ ಮೇಲೆ ಹೊಸದನ್ನು ಬರೆದುಬಿಡುತ್ತವೆ. ‘ಕ್ಯಾಮೆರಾದಲ್ಲಿ ಎಲ್ಲ ಸಿಕ್ಕಿದೆ’ ಎಂದು ಅಬ್ಬರಿಸಿ, ವಿಚಾರಣೆಯ ದಿನ ‘ಅಳಿಸಿ ಹೋಗಿದೆ’ ಎನ್ನುವ ಮಾಲೀಕರಿಗಿಂತ ಕೆಲಸಗಾರನಿಗೆ ಒಳ್ಳೆಯ ಸಾಕ್ಷಿ ಸಿಗಲಾರದು.

ಇಷ್ಟೆಲ್ಲ ಹುಡುಕಿದ ಮೇಲೆ ಕೆಲಸಗಾರನನ್ನು ಕರೆದು, ಆರೋಪ ಏನೆಂದು ಬರೆದು ಕೊಟ್ಟು, ಕಾಗದಗಳನ್ನು ತೋರಿಸಿ, ಉತ್ತರಿಸಲು ಸಮಯ ಕೊಡಬೇಕು. ಅವನ ಜೊತೆ ಒಬ್ಬ ಸಹೋದ್ಯೋಗಿ ಕೂತರೆ ಮಾಲೀಕರು ಕಳೆದುಕೊಳ್ಳುವುದು ಏನೂ ಇಲ್ಲ. ಚಿಕ್ಕ ರೆಸ್ಟೋರೆಂಟಿನಲ್ಲಿ ಒಂದು ನಿಜವಾದ ತೊಡಕಿದೆ, ಅದನ್ನು ಒಪ್ಪಿಕೊಳ್ಳೋಣ: ಹಣ ಕಳೆದುಕೊಂಡವರು, ನೋಡಿದ ಸಾಕ್ಷಿ, ತೀರ್ಪು ಕೊಡುವವರು ಮೂವರೂ ಒಬ್ಬರೇ. ಅಂಥ ಕಡೆ ಹೊರಗಿನ ಲೆಕ್ಕಿಗರನ್ನೋ ವಕೀಲರನ್ನೋ ವಿಚಾರಣೆಗೆ ಕೂರಿಸಬಹುದು. ಮೊದಲು ತೆಗೆದುಹಾಕಿ, ದೂರು ಬಂದ ಮೇಲೆ ಅವಸರದಲ್ಲಿ ನೋಟಿಸು, ಸಾಕ್ಷಿ ಎಲ್ಲ ಸೃಷ್ಟಿಸುವುದು ಮಾತ್ರ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

‘ವಿಚಾರಣೆ ಮಾಡಿದ್ದರೂ ಅವನನ್ನು ತೆಗೆಯುತ್ತಲೇ ಇದ್ದೆವು, ಹಾಗಾಗಿ ಮಾಡದಿದ್ದರೆ ಏನಂತೆ?’ ಎಂದು ಕೇಳುವವರಿದ್ದಾರೆ. ಕೇಳಲು ತರ್ಕಬದ್ಧವಾಗಿಯೇ ಇದೆ. ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 1987ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಒಬ್ಬ ವ್ಯಾನ್ ಚಾಲಕನನ್ನು ಕರೆಸಿ, ನಿನ್ನ ಹುದ್ದೆ ಇನ್ನಿಲ್ಲ ಎಂದು ತಿಳಿಸಿ, ಅಲ್ಲಿಂದಲೇ ಮನೆಗೆ ಕಳಿಸಿದ್ದ ಪ್ರಕರಣ ಅದು. ಮುಂಚೆ ಸಮಾಲೋಚಿಸಿದ್ದರೂ ಫಲ ಅದೇ ಆಗುತ್ತಿತ್ತು ಎಂಬ ಕಾರಣಕ್ಕೆ ವಜಾ ನ್ಯಾಯವಾಗುವುದಿಲ್ಲ. ಆದರೆ ಹೇಗಿದ್ದರೂ ಕೆಲಸ ಹೋಗುತ್ತಿದ್ದ ಸಂಭವ ಎಷ್ಟಿತ್ತೋ ಅಷ್ಟರಮಟ್ಟಿಗೆ ಪರಿಹಾರ ಕಡಿತವಾಗಬಹುದು. ಅಂದರೆ ಕೆಲಸಗಾರ ಪ್ರಕರಣ ಗೆದ್ದು, ಕೈಗೆ ಬರುವ ಹಣದಲ್ಲಿ ಸೋಲಬಹುದು.

ತಪ್ಪು ನಡೆದದ್ದೇ ನಿಜವಾಗಿದ್ದರೂ ಮಾತು ಮುಗಿಯುವುದಿಲ್ಲ. ಶಿಕ್ಷೆ ತಪ್ಪಿಗೆ ತೂಗಬೇಕು. ಉಳಿದು, ಹೇಗಿದ್ದರೂ ಕಸಕ್ಕೆ ಹೋಗಬೇಕಿದ್ದ ಊಟವನ್ನು ಕಟ್ಟಿಕೊಂಡು ಹೋದವಳನ್ನು ‘ಕಳ್ಳಿ’ ಎಂದು ತೆಗೆಯುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ. ಎಷ್ಟು ವರ್ಷದ ಸೇವೆ, ಹಿಂದೆ ಎಚ್ಚರಿಕೆ ಕೊಟ್ಟಿದ್ದರೇ, ಅದೇ ಕೆಲಸ ಮಾಡಿದ ಬೇರೆಯವರನ್ನು ಬಿಟ್ಟುಬಿಟ್ಟಿದ್ದರೇ ಎಂಬುದನ್ನು ನೋಡಲೇಬೇಕು. ಕೊನೆಯದು ಬಹಳ ಹರಿತವಾದ ಪ್ರಶ್ನೆ. ಅಡುಗೆಯವನು ದಿನವೂ ಕಟ್ಟಿಕೊಂಡು ಹೋಗುತ್ತಿದ್ದುದು ಎಲ್ಲರಿಗೂ ಗೊತ್ತಿದ್ದು, ಕ್ಲೀನರ್ ಒಂದು ದಿನ ಒಯ್ದದ್ದು ಮಾತ್ರ ಅಪರಾಧವಾದರೆ ನಿಯಮ ಇರುವುದು ಯಾರಿಗೆ? ಆಸ್ಟ್ರೇಲಿಯದ 2009ರ ಕಾಯ್ದೆ ವಜಾ ‘ಕಠೋರ, ಅನ್ಯಾಯ ಅಥವಾ ಅಸಮಂಜಸ’ ಆಗಿತ್ತೇ ಎಂದು ಕೇಳುತ್ತದೆ. ‘ಅಥವಾ’ ಎಂಬ ಪದವನ್ನು ಗಮನಿಸಿ: ತಪ್ಪು ಇದ್ದರೂ ಶಿಕ್ಷೆ ಕಠೋರವಾಗಿರಬಹುದು. ಭಾರತದಲ್ಲಿ ಕೈಗಾರಿಕಾ ವಿವಾದ ಕಾಯ್ದೆಗೆ 1971ರಲ್ಲಿ ತಂದ ತಿದ್ದುಪಡಿ, ವಜಾ ಅತಿಯಾಯಿತು ಎನಿಸಿದರೆ ಅದನ್ನು ಬದಲಿಸಿ ಹಗುರವಾದ ಶಿಕ್ಷೆ ವಿಧಿಸುವ ಅಧಿಕಾರವನ್ನು ಕಾರ್ಮಿಕ ನ್ಯಾಯಾಲಯಗಳಿಗೆ ಕೊಟ್ಟಿತು. ಅಡುಗೆಮನೆಯ ಶುಚಿತ್ವದ ವಿಷಯದಲ್ಲಿ ಮಾತ್ರ ತಕ್ಕಡಿ ಮಾಲೀಕರ ಕಡೆ ವಾಲುವುದು ಸಹಜ. ಕೆಟ್ಟ ಮಾಂಸವನ್ನು ತಿಳಿದೂ ಬಡಿಸಿದವನ ಪರವಾಗಿ ವಾದಿಸಲು ಹೆಚ್ಚೇನೂ ಉಳಿಯುವುದಿಲ್ಲ.

ಈ ರಕ್ಷಣೆ ಎಲ್ಲರಿಗೂ ಮೊದಲ ದಿನದಿಂದ ಸಿಗುವುದಿಲ್ಲ. ಆಸ್ಟ್ರೇಲಿಯದಲ್ಲಿ ಆರು ತಿಂಗಳ ಸೇವೆ ಬೇಕು, ಹದಿನೈದಕ್ಕಿಂತ ಕಡಿಮೆ ಜನರಿರುವ ಕಡೆ ಒಂದು ವರ್ಷ. ಭಾರತದಲ್ಲಿ ಹುದ್ದೆ ಹೆಚ್ಚಾಯಿತೆಂದು ತೆಗೆಯುವಾಗಿನ ನೋಟಿಸು, ಪರಿಹಾರಗಳಿಗೆ ವರ್ಷದಲ್ಲಿ 240 ದಿನ ದುಡಿದಿರಬೇಕು. ಹಾಜರಿ ಪುಸ್ತಕವೇ ಇಲ್ಲದ ಕಡೆ 240 ದಿನ ಎಣಿಸುವುದು ಹೇಗೆ? ಸಂಬಳ ಬಿದ್ದ ಬ್ಯಾಂಕ್ ಪಾಸ್‌ಬುಕ್, ಪಾಳಿಯ ಪಟ್ಟಿಯ ಫೋಟೋ, ‘ಇಂದು ಬೇಗ ಬಾ’ ಎಂಬ ಸಂದೇಶಗಳು, ಭವಿಷ್ಯ ನಿಧಿಯ ಖಾತೆ ಇವುಗಳಿಂದ. ಹುದ್ದೆಯ ಹೆಸರಿನಲ್ಲೂ ಒಂದು ಆಟವಿದೆ. ತಟ್ಟೆ ಎತ್ತುವವನಿಗೆ ‘ಮ್ಯಾನೇಜರ್’ ಎಂದು ಬಿಲ್ಲೆ ತೊಡಿಸಿ, ಅವನು ಕಾರ್ಮಿಕನೇ ಅಲ್ಲ ಎಂದು ವಾದಿಸುವ ಆಟ. ನ್ಯಾಯಾಲಯ ಬಿಲ್ಲೆಯನ್ನು ನೋಡುವುದಿಲ್ಲ, ದಿನವಿಡೀ ಅವನ ಕೈ ಏನು ಮಾಡುತ್ತಿತ್ತು ಎಂದು ನೋಡುತ್ತದೆ.

ಗಡುವನ್ನಂತೂ ಮರೆಯುವಂತಿಲ್ಲ. ಆಸ್ಟ್ರೇಲಿಯದಲ್ಲಿ ಅರ್ಜಿ ಹಾಕಲು 21 ದಿನ, ದಕ್ಷಿಣ ಆಫ್ರಿಕಾದಲ್ಲಿ 30 ದಿನ. ನ್ಯೂಜಿಲೆಂಡಿನಲ್ಲಿ 90 ದಿನದೊಳಗೆ ಮಾಲೀಕರ ಮುಂದೆ ದೂರು ಎತ್ತಬೇಕು. ಐರ್ಲೆಂಡಿನಲ್ಲಿ ಆರು ತಿಂಗಳು. ಭಾರತದಲ್ಲಿ 1947ರ ಕೈಗಾರಿಕಾ ವಿವಾದ ಕಾಯ್ದೆ ಮೂರು ವರ್ಷ ಕೊಡುತ್ತಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಅದು ಎರಡು ವರ್ಷಕ್ಕೆ ಇಳಿದಿದೆ. ‘ಮಾಲೀಕರ ಸಿಟ್ಟು ಇಳಿಯಲಿ, ಕರೆಯುತ್ತಾರೆ’ ಎಂದು ಕಾಯುವವರ 21 ದಿನ ಎಷ್ಟು ಬೇಗ ಕಳೆದುಹೋಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಕೊನೆಗೆ ಸಿಗುವುದೇನು? ಕಾನೂನಿನ ಪುಸ್ತಕದಲ್ಲಿ ಮೊದಲ ಸ್ಥಾನ ಮರಳಿ ಕೆಲಸಕ್ಕೆ. ವ್ಯವಹಾರದಲ್ಲಿ, ಆರು ಜನ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವ ಅಡುಗೆಮನೆಗೆ, ಮೊಕದ್ದಮೆ ಹೂಡಿದವನು ಮರಳಿ ಕಾಲಿಡುವುದು ಇಬ್ಬರಿಗೂ ಇಷ್ಟವಿರುವುದಿಲ್ಲ. ಹಾಗಾಗಿ ಹಣ. ಆಸ್ಟ್ರೇಲಿಯದಲ್ಲಿ ಅದರ ಮಿತಿ 26 ವಾರಗಳ ಸಂಬಳ. ದಕ್ಷಿಣ ಆಫ್ರಿಕಾದಲ್ಲಿ 12 ತಿಂಗಳದ್ದು, ನಿಷಿದ್ಧ ಕಾರಣಕ್ಕೆ ತೆಗೆದಿದ್ದರೆ 24. ಭಾರತದ ಸುಪ್ರೀಂ ಕೋರ್ಟ್ 2013ರ ತೀರ್ಪೊಂದರಲ್ಲಿ, ತಪ್ಪಾಗಿ ತೆಗೆದವರನ್ನು ಮರಳಿ ಸೇರಿಸಿದಾಗ ಹಿಂಬಾಕಿ ವೇತನವೂ ಸಿಗುವುದೇ ಸಾಮಾನ್ಯ ನಿಯಮ ಎಂದಿತು. ಆದರೆ ಈ ನಡುವೆ ಬೇರೆಡೆ ದುಡಿದಿಲ್ಲ ಎಂದು ಕೆಲಸಗಾರ ಹೇಳಬೇಕು, ದುಡಿದಿದ್ದಾನೆ ಎನ್ನುವುದಾದರೆ ಅದನ್ನು ತೋರಿಸುವುದು ಮಾಲೀಕರ ಪಾಲು. ಬೇರೆ ಕೆಲಸ ಹುಡುಕದೆ ಕೈಕಟ್ಟಿ ಕುಳಿತಿದ್ದರೆ ಅನೇಕ ದೇಶಗಳಲ್ಲಿ ಪರಿಹಾರ ಕರಗುತ್ತದೆ. ಅರ್ಜಿ ಹಾಕಿದ ಕಡೆಗಳ ಒಂದು ಪಟ್ಟಿ ಇಟ್ಟುಕೊಂಡಿರುವುದು ಒಳ್ಳೆಯದು. ‘ಲೆಕ್ಕ ಚುಕ್ತಾ, ಇನ್ನೇನೂ ಬಾಕಿ ಇಲ್ಲ’ ಎಂಬ ಕಾಗದಕ್ಕೆ ಸಹಿ ಹಾಕುವ ಮೊದಲು ಅದನ್ನು ಮನೆಗೆ ಒಯ್ದು ಓದಬೇಕು.

ಬಹುಪಾಲು ವಿವಾದಗಳು ತೀರ್ಪಿನ ತನಕ ಹೋಗುವುದೇ ಇಲ್ಲ, ಸಂಧಾನದ ಮೇಜಿನಲ್ಲೇ ಮುಗಿಯುತ್ತವೆ. ನಮ್ಮ ಸಪ್ಲೈಯರ್ ಆ ಮೇಜಿನ ಒಂದು ಬದಿಗೆ ಕುಳಿತಿದ್ದಾನೆ ಎಂದುಕೊಳ್ಳಿ, ಇನ್ನೊಂದು ಬದಿಗೆ ಮಾಲೀಕರು. ‘ನಾವು ತೆಗೆದಿಲ್ಲ, ಅವನೇ ಬಿಟ್ಟು ಹೋದ’ ಎನ್ನುತ್ತಾರೆ ಮಾಲೀಕರು. ಅನುಭವವುಳ್ಳ ಸಂಧಾನಾಧಿಕಾರಿ ಆಗ ವಾದಕ್ಕೆ ಇಳಿಯುವುದಿಲ್ಲ, ಪೆನ್ನು ಕೈಗೆತ್ತಿಕೊಂಡು ಒಂದೇ ಪ್ರಶ್ನೆ ಕೇಳುತ್ತಾರೆ: ‘ತೆಗೆದಿಲ್ಲ ಎಂದಾದರೆ ನಾಳೆ ಬೆಳಿಗ್ಗೆ ಎಷ್ಟು ಗಂಟೆಗೆ ಬರಲಿ?’ ಮಾಲೀಕರು ತಡವರಿಸಿದರೆ ಮೊದಲನೆಯ ಗಂಟು ಅಲ್ಲಿಗೆ ಬಿಚ್ಚಿಕೊಂಡಿತು. ಅವರು ‘ಹತ್ತು ಗಂಟೆಗೆ ಬರಲಿ’ ಎಂದರೆ ಅಧಿಕಾರಿ ಅದನ್ನು ಬರೆದುಕೊಂಡು ಸಪ್ಲೈಯರ್ ಕಡೆ ತಿರುಗುತ್ತಾರೆ. ಈಗ ಅವನು ಬೇಡ ಎಂದರೆ ಅಂದಿನಿಂದ ಮುಂದಿನ ಸಂಬಳ ಕೇಳುವುದು ಕಷ್ಟವಾಗುತ್ತದೆ. ಕದ್ದನೆಂಬ ಮಾತನ್ನು ಹಿಂದಕ್ಕೆ ಪಡೆಯದೆ ಹೋಗಲು ಮನಸ್ಸಿಲ್ಲದಿದ್ದರೆ ಅದನ್ನೂ ಅಲ್ಲೇ, ಅದೇ ಹಾಳೆಯಲ್ಲಿ ಬರೆಸಬೇಕು.